ಮಹಿಷಾಸುರನ ಮುಖದ ಕಪ್ಪು ಎಲ್ಲಿಗೆ ಹೋಯ್ತು: ಹೈಲೈಟ್ಸ್, ಶ್ಯಾಡೋಸ್ ಬಗ್ಗೆ ನನ್ನ ಅನುಭವ

ಕಿನ್ನಿಗೋಳಿ, ಮೂಡುಬಿದಿರೆ, ಮಂಗಳೂರು ಸುತ್ತ ಎಲ್ಲಿ ಯಕ್ಷಗಾನದ ಹರಕೆ ಆಟ ಉಂಟು ಅಂತ ಗೊತ್ತಾದ್ರೂ ನಾನು ಕ್ಯಾಮರಾ ಹಿಡ್ಕೊಂಡು ಹೋಗುವವ, ಅದ್ರಲ್ಲೂ ದೇವಿ ಮಹಾತ್ಮೆ ಪ್ರಸಂಗ ಅಂದ್ರೆ ಬೆಳಗಿನವರೆಗೆ ಅಲ್ಲೇ. ಮಹಿಷಾಸುರ ರಂಗಸ್ಥಳದ ಹಿಂದಿಂದ ಬರುವುದಲ್ಲ, ಜನ ಕೂತ ಗದ್ದೆಯ ನಡುವಿಂದ ದೊಂದಿ (ಪಂಜು) ಹಿಡಿದು, ರಾಳದ ಹುಡಿ ಹಾರಿಸಿ ಬೆಂಕಿ ಎಬ್ಬಿಸ್ತಾ, ಚೆಂಡೆ ಅಬ್ಬರದಲ್ಲಿ ಬರುವುದು. ಆ ಒಂದು ನಿಮಿಷದಲ್ಲಿ ಕ್ಯಾಮರಾಕ್ಕೆ ಸಿಗುವ ಬೆಳಕು ಎಂಥದ್ದು ನೋಡಿ, ಒಂದು ಕಡೆ ಕಣ್ಣು ಕುಕ್ಕುವ ಬೆಂಕಿ, ಅದರ ಪಕ್ಕದಲ್ಲೇ ಕಾಡಿಗೆ ಹಚ್ಚಿದ ಮುಖ, ಹಿಂದೆ ಪೂರ್ತಿ ಕತ್ತಲೆ.

ಶುರುವಿಗೆ ನಾನು ಮಾಡ್ತಿದ್ದದ್ದು ಎಂತ ಅಂದ್ರೆ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಲ್ಲಿ ಫೋಟೋ ತೆರೆದ ಕೂಡ್ಲೇ ಬೆಳಕಿನ ಜಾಗ ಇಳಿಸುವ ಹೈಲೈಟ್ಸ್ ಸ್ಲೈಡರ್ ಮೈನಸ್ 100, ಕತ್ತಲೆ ಜಾಗ ಎತ್ತುವ ಶ್ಯಾಡೋಸ್ ಪ್ಲಸ್ 100. ಎಲ್ಲಾ ಕಾಣ್ತದೆ ಅಲ್ವಾ, ಕಿರೀಟದ ಹಿಂದಿನ ಜನ, ತೆಂಗಿನ ಮರ ಎಲ್ಲ, ನನಗೆ ಭಾರೀ ಖುಷಿ. ಅಂಥದ್ದೊಂದನ್ನು ಪ್ರಿಂಟ್ ಹಾಕಿಸಿ ಮುಂದಿನ ಆಟಕ್ಕೆ ಹೋದಾಗ ಚೌಕಿಯಲ್ಲಿ (ಬಣ್ಣ ಹಾಕುವ ಜಾಗ) ಆ ವೇಷಧಾರಿಗೆ ಕೊಟ್ಟೆ. ಅವರು ದೀಪದ ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದ್ರು, ಆಮೇಲೆ ಹೇಳಿದ್ದು, "ಫೋಟೋ ಲಾಯ್ಕುಂಟು ಮಾರಾಯ್ರೆ, ಆದ್ರೆ ನಾನು ಹಾಕಿದ ಕಪ್ಪು ಎಲ್ಲಿಗೆ ಹೋಯ್ತು?"

ನೋಡಿದ್ರೆ ಹೌದು, ಕಾಡಿಗೆ ಒಲೆಯ ಬೂದಿ ಹಾಗೆ ಆಗಿತ್ತು, ಅದ್ರ ಮೇಲೆ ಕೆಂಪು, ಹಸಿರು ಚುಕ್ಕೆ ಚುಕ್ಕೆ ನಾಯ್ಸ್. ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ (ಉಬ್ಬಿದ ಬಿಳಿ ಚುಕ್ಕೆ) ಒಂದೊಂದೇ ಇಡ್ತಾರೆ, ಕಪ್ಪು ಗಟ್ಟಿ ಇದ್ರೇ ಆ ಬಿಳಿ ಎದ್ದು ಬರುವುದು, ನಾನು ಒಂದು ಸ್ಲೈಡರ್ ಎಳೆದು ಆ ಕೆಲಸವನ್ನೇ ಅಳಿಸಿಬಿಟ್ಟಿದ್ದೆ. ಆ ರಾತ್ರಿ ನಂಗೆ ನಿಜವಾಗ್ಲೂ ಬೇಜಾರಾಯ್ತು.

ಮತ್ತೆ ಕೂತು ಕಲಿತೆ. 14 ಬಿಟ್ ರಾ ಫೈಲಲ್ಲಿ, ಅಂದ್ರೆ ಕ್ಯಾಮರಾ ತಿದ್ದದೆ ಕೊಡುವ ಮೂಲ ಫೈಲಲ್ಲಿ, ಬೆಳಕಿನ ಒಟ್ಟು 16,384 ಮಟ್ಟ ಉಂಟು, ಅದ್ರಲ್ಲಿ ಅರ್ಧ, ಅಂದ್ರೆ 8,192, ಎಲ್ಲಕ್ಕಿಂತ ಹೆಚ್ಚು ಬೆಳಕಿನ ಒಂದು ಸ್ಟಾಪಿಗೇ (ಬೆಳಕು ದುಪ್ಪಟ್ಟು ಅಥವಾ ಅರ್ಧ ಆಗುವ ಒಂದು ಮೆಟ್ಟಿಲು) ಹೋಗ್ತದೆ, ಅದರ ಕೆಳಗಿನದ್ದಕ್ಕೆ 4,096, ಹಾಗೆ ಅರ್ಧ ಅರ್ಧ ಆಗ್ತಾ ಆರನೇ ಸ್ಟಾಪಿಗೆ ಬರುವಾಗ ಬರೀ 256. ಅದೂ ಅಲ್ದೆ ಕತ್ತಲೆ ಜಾಗಕ್ಕೆ ಬೆಳಕೇ ಸ್ವಲ್ಪ ಬಿದ್ದಿರ್ತದೆ, ರಾತ್ರಿ ಐಎಸ್‌ಒ (ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್) 3200 ಇಟ್ಟು ತೆಗೆದದ್ರಲ್ಲಿ ಶ್ಯಾಡೋಸ್ ಪೂರ್ತಿ ಎತ್ತಿದ್ರೆ ನಾಯ್ಸ್ ಬಿಟ್ಟು ಬೇರೆ ಎಂತ ಬರ್ಬೇಕು? ಬೆಂಕಿಯದ್ದು ಇನ್ನೊಂದು ಕತೆ. ಫೋಟೋದ ಬಣ್ಣ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲಲ್ಲಿ ಇರ್ತದೆ, ಬೆಂಕಿಯಲ್ಲಿ ಮೊದಲು ಕೆಂಪು ಚಾನೆಲ್ ತುಂಬಿ ಹೋಗ್ತದೆ, ಆಗ ಕಿತ್ತಳೆ ಬಣ್ಣ ಹಳದಿಗೆ ತಿರುಗ್ತದೆ, ಮೂರೂ ಚಾನೆಲ್ ತುಂಬಿದ್ರೆ ಅಲ್ಲಿ ಬಿಳಿ ಬಿಟ್ಟು ಏನೂ ಉಳಿಯುದಿಲ್ಲ, ಹೈಲೈಟ್ಸ್ ಎಷ್ಟು ಇಳಿಸಿದ್ರೂ ಬಿಳಿ ಹೋಗಿ ಮಂಕು ಬೂದು ಬರ್ತದೆ ಅಷ್ಟೆ.

ಈಗ ನನ್ನ ಲೆಕ್ಕ ಆ ಮುಖವೇ. ಚುಟ್ಟಿ ನನ್ನ ಬಿಳಿ, ಕಾಡಿಗೆ ನನ್ನ ಕಪ್ಪು. ಮೊದಲು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿ ಮಾಡುದು), ಯಾಕಂದ್ರೆ ಅದು ಬದಲಾದ್ರೆ ಕೆಂಪು ಚಾನೆಲ್ಲೂ ಮೇಲೆ ಕೆಳಗೆ ಆಗ್ತದೆ, ಅದನ್ನು ಕೊನೆಗೆ ಇಟ್ಕೊಂಡ್ರೆ ಮಾಡಿದ ಕೆಲಸ ಎಲ್ಲ ಪುನಃ ಮಾಡ್ಬೇಕು. ಆಮೇಲೆ ಎಕ್ಸ್‌ಪೋಶರ್, ಅಂದ್ರೆ ಇಡೀ ಫೋಟೋದ ಬೆಳಕು, ಬೆಂಕಿ ಕಡೆ ನೋಡುದೇ ಇಲ್ಲ, ಮುಖದ ಕೆಂಪು ಬಣ್ಣ ಸರಿ ಕಾಣುವಲ್ಲಿ ನಿಲ್ಲಿಸುದು. ಹೈಲೈಟ್ಸ್ ಮೈನಸ್ 30, 40, ಬೆಂಕಿಯ ಅಂಚಿನ ಕಿತ್ತಳೆ ಬಂದ್ರೆ ಸಾಕು. ಆಲ್ಟ್ ಕೀ ಒತ್ತಿ ಹಿಡಿದು ವೈಟ್ಸ್ (ತೀರಾ ಬಿಳಿಯ ಸ್ಲೈಡರ್) ಎಳೆದ್ರೆ ಸ್ಕ್ರೀನ್ ಕಪ್ಪಾಗಿ ಸುಟ್ಟು ಹೋಗುವ ಜಾಗ ಮಾತ್ರ ಕಾಣ್ತದೆ, ಮುಖದಲ್ಲಿ ಚುಟ್ಟಿ ಮಿಣುಕ್ಲಿಕ್ಕೆ ಶುರು ಆದ ಕೂಡ್ಲೇ ಒಂಚೂರು ಹಿಂದೆ. ಬ್ಲಾಕ್ಸಿಗೂ (ತೀರಾ ಕಪ್ಪಿನ ಸ್ಲೈಡರ್) ಹಾಗೇ ಆಲ್ಟ್ ಹಿಡಿದ್ರೆ ಸ್ಕ್ರೀನ್ ಬಿಳಿ ಆಗ್ತದೆ, ಕಾಡಿಗೆಯ ತೀರಾ ದಪ್ಪ ಜಾಗ ಮೂಡಿದ್ರೆ ಅಲ್ಲಿಗೆ ನಿಲ್ಲಿಸಿ. ಶ್ಯಾಡೋಸ್ ಎಲ್ಲದರ ಕೊನೆಗೆ, 15ರಿಂದ 20, ಕೆಲವದಕ್ಕೆ ಸೊನ್ನೆಯೇ. ಕಿರೀಟದ ಒಂದು ಬದಿ ಮಾತ್ರ ಕತ್ತಲೆ ಇದ್ರೆ ಅಷ್ಟಕ್ಕೇ ಮಾಸ್ಕ್ ಹಾಕಿ ಅರ್ಧ ಸ್ಟಾಪ್ ಏರಿಸ್ತೇನೆ, ಅದಕ್ಕೋಸ್ಕರ ಇಡೀ ಗದ್ದೆಯನ್ನು ಯಾಕೆ ಬೆಳಗಿಸ್ಬೇಕು?

ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಫುಲ್ ಇಟ್ಟು ರಾತ್ರಿ ಎಡಿಟ್ ಮಾಡ್ಬೇಡಿ. ಸ್ಕ್ರೀನಲ್ಲಿ ಸರಿ ಕಂಡದ್ದು ಮಂಗಳೂರಿನ ಹಂಪನಕಟ್ಟೆಯಲ್ಲಿ ಪ್ರಿಂಟ್ ಹಾಕಿಸಿದಾಗ ಕಪ್ಪು ಮುದ್ದೆ ಆಗಿ ಬಂದದ್ದುಂಟು ನನಗೆ, ಈಗ ಅರ್ಧಕ್ಕಿಂತ ಕೆಳಗೆ ಇಟ್ಟೇ ಕೂತ್ಕೊಳ್ಳುದು.

ಆ ಹಳೇ ಫೋಟೋದ ರಾ ಫೈಲ್ ಇತ್ತು, ಪುನಃ ಮಾಡಿದೆ. ಕಾಡಿಗೆ ಬಂತು, ಚುಟ್ಟಿ ಎದ್ದು ನಿಂತಿತು, ಹಿಂದಿನ ಜನ ಕತ್ತಲೆಗೆ ಹೋದ್ರು. ದೊಂದಿಯ ನಡುವಿನ ಬಿಳಿ ಮಾತ್ರ ವಾಪಸ್ ಬರ್ಲಿಲ್ಲ, ತೆಗೆಯುವಾಗಲೇ ಸುಟ್ಟು ಹೋಗಿತ್ತು ಅದು. ಹಾಗಾಗಿ ಈಗ ದೊಂದಿ ಹೊತ್ತಿಸುವ ಮೊದಲೇ ಒಂದು ಸ್ಟಾಪ್ ಅಂಡರ್, ಅಂದ್ರೆ ಬೆಳಕು ಅರ್ಧ ಕಡಿಮೆ, ಇಟ್ಕೊಂಡು ಕಾಯ್ತೇನೆ.