ಸ್ಟೆಪ್ನಿಯನ್ನು ಹಿಂದಿನಿಂದ ಪಕ್ಕಕ್ಕೆ ತಂದ ಕಥೆ

ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ ರೋಬಸ್ಟಾ ಕೊಯ್ಲು ಜನವರಿಯಲ್ಲಿ ಶುರುವಾಗುತ್ತದೆ. ಹಳ್ಳದ ಬದಿಯಿಂದ ಮೇಲಿನ ಕಣಕ್ಕೆ ಹಣ್ಣು ಸಾಗಿಸಲು ಹಳೆಯ ಮಹೀಂದ್ರಾ ಜೀಪಿಗೆ ಎರಡು ಚಕ್ರದ ಟ್ರೇಲರ್ ಕಟ್ಟುತ್ತೇನೆ. ಟ್ರೇಲರ್ 200 ಕೆ.ಜಿ., ಅದರ ಮೇಲೆ 50 ಕೆ.ಜಿ.ಯ ಎಂಟು ಚೀಲ.

ಮೊದಲ ವರ್ಷ ಸ್ಟೆಪ್ನಿ ಹಿಂಬಾಗಿಲಿನ ಮೇಲಿತ್ತು. ಕಡಿದಾದ ತಿರುವೊಂದರಲ್ಲಿ ಹಿಂದಿನಿಂದ 'ಧಡ್' ಎಂದಿತು. ಇಳಿದು ನೋಡಿದರೆ ಟ್ರೇಲರಿನ ಮುಂದಿನ ಮೂಲೆ ಸ್ಟೆಪ್ನಿಗೆ ಗುದ್ದಿ, ಅದನ್ನು ಹಿಡಿದಿದ್ದ ಬ್ರಾಕೆಟ್ ಬಾಗಿತ್ತು. ಬಾಗಿಲು ತೆರೆಯೋಣವೆಂದರೆ ಟ್ರೇಲರನ್ನು ಜೀಪಿಗೆ ಜೋಡಿಸುವ ಮೂಕಿ ಅಡ್ಡ. ವೆಲ್ಡಿಂಗ್ ಮೇಸ್ತ್ರಿ ಮೂಕಿಯನ್ನು ಒಂದು ಅಡಿ ಉದ್ದ ಮಾಡಿಕೊಟ್ಟರು. ಗುದ್ದುವುದು ನಿಂತಿತು, ರಿವರ್ಸ್ ತೆಗೆಯುವುದೂ ಸುಲಭವಾಯಿತು. ಆದರೆ ಏರಿನಲ್ಲಿ ಸ್ಟೇರಿಂಗ್ ಹಗುರವಾಗುವುದು ಹೋಗಲಿಲ್ಲ.

ಎತ್ತಿನ ಗಾಡಿ ಹೊಡೆದವರಿಗೆ ಇದು ಹೊಸತಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಕಾಫಿ ತೂಗುವ ತಕ್ಕಡಿಯನ್ನು ಮೂಕಿಯ ತುದಿಗೆ ಕೊಟ್ಟು ನೋಡಿದೆ: 35 ಕೆ.ಜಿ. ಇಷ್ಟು ಕಡಿಮೆಯಾದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಬೀಸುತ್ತದೆ. ಹಿಂದಿನ ಒಂದು ಚೀಲವನ್ನು ಒಂದು ಮೀಟರ್ ಮುಂದೆ ತಂದೆ, 60 ಆಯಿತು. ಒಟ್ಟು ತೂಕದ ಹತ್ತನೇ ಒಂದು ಪಾಲು, ನನಗೆ ಒಗ್ಗಿದ ಲೆಕ್ಕ.

ಆದರೆ ಆ 60 ಕೆ.ಜಿ. ಜೀಪಿನ ಹಿಂದಿನ ಆಕ್ಸಲ್‌ಗಿಂತ 80 ಸೆಂ.ಮೀ. ಆಚೆ ಒತ್ತುತ್ತದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 2.3 ಮೀಟರ್. ಸನ್ನೆಯ ಲೆಕ್ಕ ಹಾಕಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 21 ಕೆ.ಜಿ. ಇಳಿಯುತ್ತದೆ. ಅದೇ ಕಡೆ ನೇತಾಡುವ 30 ಕೆ.ಜಿ.ಯ ಸ್ಟೆಪ್ನಿ ಇನ್ನೂ ಹತ್ತು ಹನ್ನೆರಡು ಕೆ.ಜಿ. ಇಳಿಸುತ್ತದೆ. ಸಮತಟ್ಟಿನಲ್ಲಿ ಗೊತ್ತಾಗದು. ಏರಿನಲ್ಲಿ, ಭಾರವೆಲ್ಲ ಮೊದಲೇ ಹಿಂದಕ್ಕೆ ವಾಲಿರುವಾಗ, ಒದ್ದೆ ಜೇಡಿಯ ಮೇಲೆ ಮುಂದಿನ ಚಕ್ರಗಳು ಹಿಡಿತ ಬಿಡುವುದು ಅಲ್ಲೇ.

ಟ್ರೇಲರಿನ ಮುಂದಿನ ಗೋಡೆಗೆ ಸ್ಟೆಪ್ನಿ ಕಟ್ಟಿ ಎಂದರು ಕೆಲವರು. ಟ್ರೇಲರ್ ಬಿಟ್ಟು ಪೇಟೆಗೆ ಹೋದ ದಿನ ಏನು ಮಾಡುವುದು? ಹಳೆಯ ಜೀಪುಗಳಂತೆ ಪಕ್ಕಕ್ಕೇ, ಎಡಗಡೆ ಹಾಕಿಸಿದೆ. ತಗಡು ತೆಳುವಾದ್ದರಿಂದ ಒಳಗಡೆ ದಪ್ಪ ಪಟ್ಟಿ ಕೊಡಿಸಿದೆ; ಇಲ್ಲದಿದ್ದರೆ ಕಂಪನಕ್ಕೆ ಬಿರುಕು ಬಿಡುತ್ತಿತ್ತು. ಗಾಡಿ ಮುಕ್ಕಾಲು ಅಡಿ ಅಗಲವಾಯಿತು, ಮೊದಲ ವಾರ ಕಾಫಿ ಗಿಡದ ಒಂದೆರಡು ರೆಕ್ಕೆ (ಕೊಂಬೆ) ಮುರಿದವು. ನನಗೆ ತುಂಬ ನೋವಾಯಿತು. ಈಗ ಕಣ್ಣಿಗೆ ಅಳತೆ ಸಿಕ್ಕಿದೆ.

(ಸ್ಟೆಪ್ನಿ ಎಂಬ ಮಾತು ವೇಲ್ಸ್ ದೇಶದ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರಲ್ಲಿ, ಕಾರುಗಳು ಬದಲಿ ಚಕ್ರವಿಲ್ಲದೆ ಬರುತ್ತಿದ್ದ ಕಾಲದಲ್ಲಿ, ಅಲ್ಲಿ ಈ ಬದಲಿ ಚಕ್ರ ಹುಟ್ಟಿತು.)

ಟ್ರೇಲರಿಗೂ ಜೀಪಿನದೇ ಅಳತೆಯ ಐದು ಬೋಲ್ಟಿನ ಚಕ್ರ ಹಾಕಿಸಿದ್ದೇನೆ. ಬೋಲ್ಟುಗಳ ವೃತ್ತ 139.7 ಮಿ.ಮೀ. ಒಂದೇ ಸ್ಟೆಪ್ನಿ ಎರಡಕ್ಕೂ ಸಾಕು. ಇಳಿಯುವಾಗ ಬ್ರೇಕ್ ನಂಬಿ ಕೂರುವುದಿಲ್ಲ. ಲೋ ರೇಂಜ್ (ನಿಧಾನ ಓಟದ ಗೇರ್ ಜೋಡಣೆ), ಎರಡನೇ ಗೇರ್; ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡಾಂಬರು ರಸ್ತೆ ಸಿಕ್ಕ ಕೂಡಲೇ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಡ್ರೈವ್ ತೆಗೆಯುತ್ತೇನೆ.

ಕಳೆದ ಕೊಯ್ಲಿನಲ್ಲಿ ಟ್ರೇಲರಿನ ಬಲಚಕ್ರ ಏರಿನ ಮಧ್ಯೆ ಪಂಕ್ಚರ್ ಆಯಿತು, ಎಂಟು ಚೀಲವೂ ಮೇಲಿದ್ದವು. ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರೇಲರಿನ ಆಕ್ಸಲ್ ಕೆಳಗೆ ಜ್ಯಾಕ್ ಇಟ್ಟು, ಪಕ್ಕದಿಂದ ಸ್ಟೆಪ್ನಿ ಬಿಚ್ಚಿ ಹಾಕಿದೆ. ಹಿಚ್ (ಟ್ರೇಲರಿನ ಕೊಂಡಿ) ಕಳಚಲಿಲ್ಲ, ಒಂದು ಚೀಲವನ್ನೂ ಇಳಿಸಲಿಲ್ಲ.