ಹುಬ್ಬಳ್ಳಿಯಿಂದ ವಿಮಾನಕ್ಕೆ ಸರಕು: ನನ್ನ ಅನುಭವ

ಹುಬ್ಬಳ್ಳಿಯ ಏರ್ ಕಾರ್ಗೋ ಬೆಳೆಯಬೇಕು ಎಂದು ಯಾರೇ ಮಾತನಾಡಿದರೂ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಮೊದಲು ಬರುತ್ತದೆ. ಸಣ್ಣ ವ್ಯಾಪಾರಿಗಳ ಪಾರ್ಸೆಲ್‌ಗಳನ್ನು ಒಟ್ಟುಗೂಡಿಸಿ ವಿಮಾನಕ್ಕೆ ಬುಕ್ ಮಾಡುವುದೇ ನನ್ನ ಕಸುಬಾಗಿರುವುದರಿಂದ, ಮೆಣಸಿನಕಾಯಿಯ ಲೆಕ್ಕವನ್ನು ನಾನೂ ಹಾಕಿ ನೋಡಿದ್ದೇನೆ. ವಿಮಾನದ ಬಾಡಿಗೆಗೆ ತಕ್ಕಡಿಯ ತೂಕವಲ್ಲದೆ ಗಾತ್ರದ ತೂಕವೂ ಇದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 6000ದಿಂದ ಭಾಗಿಸಿದರೆ ಅದು ಸಿಗುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ಹಣ. 60, 50, 40 ಸೆಂಟಿಮೀಟರ್ ಅಳತೆಯ ರಟ್ಟಿನ ಪೆಟ್ಟಿಗೆಗೆ ಇದು 20 ಕಿಲೋ ಆಗುತ್ತದೆ. ಸುಕ್ಕುಗಟ್ಟಿದ ಒಣ ಬ್ಯಾಡಗಿ ಕಾಯಿ ತುಂಬಿದ ಅದೇ ಪೆಟ್ಟಿಗೆ ಅಷ್ಟು ತೂಗುವುದೇ ಇಲ್ಲ, ಅಂದರೆ ಬಾಡಿಗೆಯ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ. ಒಣಗಿದ ಮಾಲಿಗೆ ಅವಸರವೂ ಇಲ್ಲ. ಖರೀದಿದಾರರಿಗೆ ಕಳಿಸುವ ಮಾದರಿಗಳನ್ನು ಬಿಟ್ಟರೆ ಅದು ಲಾರಿ ಮತ್ತು ಹಡಗಿನ ಸರಕು.

ಆದ್ದರಿಂದ ಹಗುರವಾಗಿದ್ದು ಬೆಲೆ ಬಾಳುವ, ತಡವಾದರೆ ಕೆಡುವ ಅಥವಾ ಉಪಯೋಗಕ್ಕೆ ಬಾರದಂತಾಗುವ ಸರಕು ನಮ್ಮ ಸೀಮೆಯಲ್ಲಿ ಯಾವುದಿದೆ ಎಂದು ಹುಡುಕುತ್ತ ನಾನು ಹೋದದ್ದು ರಾಣೆಬೆನ್ನೂರಿಗೆ. ಅಲ್ಲಿನ ಸುತ್ತಲಿನ ಹಳ್ಳಿಗಳಲ್ಲಿ ನೆರಳು ಪರದೆಯ ಕೆಳಗೆ ಹೂವಿಗೆ ಹೂವು ಕೈಯಿಂದಲೇ ಪರಾಗ ಸೋಂಕಿಸಿ ಹೈಬ್ರಿಡ್ ತರಕಾರಿ ಬೀಜ ಮಾಡುತ್ತಾರೆ. ಟೊಮೆಟೊ ಬೀಜ ಒಂದು ಗ್ರಾಮಿಗೆ ಹೆಚ್ಚುಕಡಿಮೆ 300 ಬರುತ್ತದೆ. ಕೈಯಲ್ಲಿ ಹಿಡಿಯುವ ಒಂದು ಚೀಲದಲ್ಲಿ ಎಷ್ಟೋ ಎಕರೆಯ ಸಸಿ ಇರುತ್ತದೆ. ಬಿತ್ತನೆಯ ಹದ ತಪ್ಪಿದ ಮೇಲೆ ತಲುಪಿದ ಬೀಜ ಆ ಹಂಗಾಮಿಗೆ ನಿರುಪಯುಕ್ತ. ಏರ್ ಕಾರ್ಗೋಗೆ ಬೇಕಾದ ಗುಣಗಳೆಲ್ಲ ಇದರಲ್ಲಿವೆ. ಹೀಗಿದ್ದರೂ ಅಲ್ಲಿ ನಾನು ಮೊದಲು ಕೇಳಿದ ಮಾತು, “ರಾತ್ರಿ ಗಾಡಿಗೆ ಹಾಕಿದ್ರ ಮುಂಜಾನೆ ಬೆಂಗಳೂರಾಗ ಇರತೈತಿ, ವಿಮಾನ ಯಾಕ್ರೀ ಸರ?” ಎಂಬುದು.

ಆ ಪ್ರಶ್ನೆ ನ್ಯಾಯವಾದದ್ದೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿಲೋಮೀಟರ್, ಹೆದ್ದಾರಿ ಚೆನ್ನಾಗಿದೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿಆರ್‌ಎಲ್‌ನಂಥ ಸಂಸ್ಥೆ ಬೆಳೆದ ನೆಲದಲ್ಲಿ ರಸ್ತೆ ಸಾಗಣೆಯೊಂದಿಗೆ ಪೈಪೋಟಿಗಿಳಿಯುವುದು ಜಾಣತನವಲ್ಲ. ಬೆಂಗಳೂರಿನ ಪಾರ್ಸೆಲ್‌ಗಳನ್ನು ನಾನು ಕೇಳುವುದನ್ನೇ ಬಿಟ್ಟೆ. ದೆಹಲಿ, ಹೈದರಾಬಾದ್ ಮತ್ತು ಅವುಗಳ ಮೂಲಕ ಉತ್ತರ, ಪೂರ್ವ ಭಾರತಕ್ಕೆ ಹೋಗುವ ಬೀಜವನ್ನಷ್ಟೇ ಕೇಳಿದೆ. ಲಾರಿಯ ದಿನಗಳನ್ನೂ ವಿಮಾನದ ದಿನಗಳನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿದಾಗ ವ್ಯಾಪಾರಿಗಳು ಒಪ್ಪತೊಡಗಿದರು.

ಗೋಕುಲ ರಸ್ತೆಯ ವಾಲ್ವ್ ಕಾರ್ಖಾನೆಗಳದು ಬೇರೆಯೇ ಸಂಗತಿ. ವಾಲ್ವ್‌ಗಳು ತಕ್ಕಡಿಯಲ್ಲೇ ಭಾರ, ಆದ್ದರಿಂದ ಮಾಮೂಲಿ ಆರ್ಡರುಗಳು ವಿಮಾನ ಹತ್ತುವುದಿಲ್ಲ. ಎಲ್ಲೋ ಒಂದು ಸ್ಥಾವರ ನಿಂತುಹೋಗಿ ಬಿಡಿಭಾಗ ನಾಳೆಯೇ ಬೇಕೆಂದಾಗ ಮಾತ್ರ ಫೋನ್ ಬರುತ್ತದೆ. ದಪ್ಪ ಲೋಹ ಎಕ್ಸ್-ರೇಯಲ್ಲಿ ಕಪ್ಪಾಗಿ ಕಾಣುವುದರಿಂದ ಭದ್ರತಾ ಸಿಬ್ಬಂದಿ ಪೆಟ್ಟಿಗೆ ತೆರೆಸುವುದುಂಟು. ಅದಕ್ಕೇ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಬೇಡ, ಸ್ಕ್ರೂ ಹಾಕಿಸಿ ಎಂದು ಕಾರ್ಖಾನೆಯವರಿಗೆ ಹೇಳುತ್ತೇನೆ. ಐವತ್ತು ಸಾವಿರ ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಸಾಗಣೆ ಪತ್ರ, ಮೊದಲೇ ಕೈಯಲ್ಲಿರಬೇಕೆಂಬುದನ್ನೂ ಪ್ರತಿಸಲ ನೆನಪಿಸಬೇಕಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಜಾಗದ ಪ್ರಶ್ನೆ. 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ತೆರೆದು, ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಿಂದ ವಿಮಾನಗಳು ಹೆಚ್ಚಿದ್ದು ನಿಜ. ಆದರೆ ನಮಗೆ ಸಿಗುವುದು ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ ಲಗೇಜು ತುಂಬಿದ ಮೇಲೆ ಉಳಿದ ಜಾಗ. ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಅದು ತೀರ ಕಡಿಮೆ. ಮೇಲಾಗಿ ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ 660 ಮೀಟರ್‌ನಷ್ಟು ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಗಾಳಿ ತೆಳುವಾದಾಗ ವಿಮಾನ ಹೊತ್ತು ಏರಬಲ್ಲ ತೂಕ ಇಳಿಯುತ್ತದೆ, ಆಗ ಮೊದಲು ಕೆಳಗಿಳಿಯುವುದು ಸರಕೇ. ಹೀಗಾಗಿ ದೊಡ್ಡ ರವಾನೆಯನ್ನು ಎರಡು ಮೂರು ಏರ್ ವೇ ಬಿಲ್‌ಗಳಾಗಿ (ವಿಮಾನ ಸರಕಿನ ರವಾನೆ ಚೀಟಿ) ಒಡೆಯುತ್ತೇನೆ, ಅವಸರದ್ದನ್ನು ಮೊದಲನೆಯದಕ್ಕೆ ಹಾಕುತ್ತೇನೆ, ಸರಕು ಆಫ್‌ಲೋಡ್ ಆಗಬಹುದು, ಅಂದರೆ ವಿಮಾನದಿಂದ ಇಳಿಸಬಹುದು ಎಂಬುದನ್ನು ಬುಕಿಂಗ್ ಸಮಯದಲ್ಲೇ ತಿಳಿಸುತ್ತೇನೆ. ಹೀಗೆ ಹೇಳಿದ್ದರಿಂದ ಕೆಲವರು ಹಿಂದೆ ಸರಿದದ್ದೂ ಉಂಟು, ಆದರೆ ಉಳಿದವರು ಇವತ್ತಿಗೂ ನನ್ನ ಬಳಿಯೇ ಬರುತ್ತಾರೆ.

ರಫ್ತಿನ ಮಾಲು ಕಸ್ಟಮ್ಸ್ ಕೆಲಸಕ್ಕಾಗಿ ರಸ್ತೆಯಲ್ಲೇ ಬೆಂಗಳೂರಿಗೋ ಮುಂಬೈಗೋ ಹೋಗುತ್ತದೆ. ಇಲ್ಲಿ ಬೆಳೆದ, ಇಲ್ಲಿ ತಯಾರಾದ ಆ ಸರಕು ಅಲ್ಲಿನ ನಿಲ್ದಾಣದ ಲೆಕ್ಕಕ್ಕೆ ಸೇರುವುದರಿಂದ ಹುಬ್ಬಳ್ಳಿಯ ಅಂಕಿ ಬಡವಾಗಿ ಕಾಣುತ್ತದೆ, ಅಂಕಿ ಬಡವಾಗಿರುವುದರಿಂದ ಸೌಕರ್ಯ ಕೇಳಲು ಬಲ ಸಾಲುವುದಿಲ್ಲ.

2024ರ ಮಾರ್ಚಿನಲ್ಲಿ ಇನ್ನೊಂದು ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆ ನೆರವೇರಿದೆ. ಕಟ್ಟಡಕ್ಕಿಂತ ಮುಂಚೆ ನನಗೆ ಬೇಕಾದದ್ದು, ಬೀಜವನ್ನು ಬಿಸಿಲಿಂದ ಕಾಯಲು ಒಂದು ತಂಪು ಕೋಣೆ ಮತ್ತು ರಾಣೆಬೆನ್ನೂರಿನಲ್ಲೇ ತೂಕ, ಪ್ಯಾಕಿಂಗ್, ಕಾಗದಪತ್ರ ಮುಗಿಯುವ ಸಾಮೂಹಿಕ ಸಂಗ್ರಹ ಕೇಂದ್ರ. ಎರಡನೆಯದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಅಲ್ಲಿನ ಬೀಜ ಸಂಸ್ಕರಣಾ ಘಟಕದವರೊಂದಿಗೆ ಗೋದಾಮಿನ ಒಂದು ಮೂಲೆಯ ಬಾಡಿಗೆ ಮಾತುಕತೆ ನಡೆದಿದೆ, ಮುಂಗಾರಿನ ರವಾನೆಗೆ ಮೊದಲು ತಕ್ಕಡಿ ಕೂರಿಸುವುದು ನಮ್ಮ ಉದ್ದೇಶ.