ನಾಟಕದವರನ್ನೇ ಸಿನಿಮಾಕ್ಕೂ ಹಾಕಿಕೊಳ್ಳಬೇಕಾ? ನಾವು ಮಾಡಿದ್ದು ಹೀಗೆ

ಸಾಗರದ ಕಡೆಯ ನಮ್ಮ ಹವ್ಯಾಸಿ ತಂಡ ತನ್ನದೇ ಒಂದು ಹಾಡುನಾಟಕವನ್ನು ಸಿನಿಮಾ ಮಾಡಿತು. ದೊಡ್ಡದೇನಲ್ಲ, ಒಂದೂವರೆ ಗಂಟೆಯದ್ದು. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟ ಒಂದು ಮನೆಯ ಕಥೆ. ಅಣೆಕಟ್ಟು ಮುಗಿದ 1964ಕ್ಕೆ ಸ್ವಲ್ಪ ಮುಂಚೆ ಶುರುವಾಗಿ ಈಗಿನವರೆಗೆ ಬರುತ್ತದೆ, ಅರ್ಧಕ್ಕರ್ಧ ಹಾಡಿನಲ್ಲೇ ನಡೆಯುತ್ತದೆ. ನಿರ್ದೇಶನ ನನ್ನದು. ಹಾಗಾಗಿ ಯಾರನ್ನು ಹಾಕಿಕೊಳ್ಳೋದು ಅನ್ನುವ ತಲೆನೋವೂ ನನ್ನದೇ.

ದುಡ್ಡು ಹಾಕಿದವರಿಗೆ ಧಾರಾವಾಹಿಯಲ್ಲಿ ಕಂಡ ಮುಖ ಒಂದಾದರೂ ಬೇಕಿತ್ತು. ತಂಡದವರಿಗೆ ಅದು ಕೇಳಿಯೇ ಸಿಟ್ಟು. ಇಷ್ಟು ವರ್ಷ ಊರೂರು ತಿರುಗಿ ಆಡಿದ್ದು ನಾವು, ಈಗ ಕ್ಯಾಮೆರಾ ಬಂದ ಕೂಡಲೇ ಬೇರೆಯವರಾ ಅಂತ. ಸಿಟ್ಟು ನ್ಯಾಯವಾದದ್ದೇ. ಆದರೆ ನಿಷ್ಠೆಗಾಗಿ ಪಾತ್ರ ಕೊಡೋದು ನನಗೆ ಒಪ್ಪಿಗೆ ಇರಲಿಲ್ಲ, ಮುಖ ಗೊತ್ತಿದೆ ಅಂತ ಕೊಡೋದಂತೂ ಇನ್ನೂ ಒಪ್ಪಿಗೆ ಇರಲಿಲ್ಲ.

ಈ ಜಗಳ ನಮ್ಮದೊಂದೇ ಅಲ್ಲ. ‘ಮೈ ಫೇರ್ ಲೇಡಿ’ ಅನ್ನುವ ಇಂಗ್ಲಿಷ್ ಹಾಡುನಾಟಕ 1956ರಲ್ಲಿ ಬಂದಾಗ ನಾಯಕಿ ಜೂಲಿ ಆಂಡ್ರ್ಯೂಸ್. 1964ರ ಸಿನಿಮಾಕ್ಕೆ ಅವರನ್ನು ಬಿಟ್ಟು ಹೆಸರಿರುವ ಆಡ್ರೆ ಹೆಪ್‌ಬರ್ನ್ ಅವರನ್ನು ತಂದರು, ಆಮೇಲೆ ಅವರ ಹಾಡುಗಳನ್ನೆಲ್ಲ ಹೆಚ್ಚುಕಮ್ಮಿ ಮಾರ್ನಿ ನಿಕ್ಸನ್ ಕೈಲಿ ಹಾಡಿಸಿದರು. ಅದೇ ವರ್ಷ ಬೇರೆ ಸಿನಿಮಾದಲ್ಲಿ ನಟಿಸಿದ ಜೂಲಿಗೆ ಆಸ್ಕರ್ ಬಂತು! ನಾಟಕದವರ ಪರ ವಾದ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಎದುರು ಪಕ್ಷದ ಕಥೆಯೂ ಇದೆ. ‘ಡಿಯರ್ ಇವಾನ್ ಹ್ಯಾನ್ಸನ್’ ನಾಟಕದ ಬೆನ್ ಪ್ಲಾಟ್ ಅವರನ್ನೇ 2021ರ ಸಿನಿಮಾಕ್ಕೂ ಹಾಕಿದರು. ರಂಗದ ಮೇಲೆ ಅವರಿಗೆ ಟೋನಿ ಪ್ರಶಸ್ತಿ ತಂದ ಪಾತ್ರ ಅದು. ಪರದೆ ಮೇಲೆ ಮಾತ್ರ ಜನ ಹೈಸ್ಕೂಲು ಹುಡುಗನನ್ನು ನೋಡಲಿಲ್ಲ, ಹೈಸ್ಕೂಲು ಹುಡುಗನ ವೇಷ ಹಾಕಿದ ದೊಡ್ಡವನನ್ನು ನೋಡಿದರು.

ನಮ್ಮಲ್ಲೂ ಇದೇ ತೊಂದರೆ. ನಾಟಕದಲ್ಲಿ ನಾಯಕನ ಯೌವನ, ಮುಪ್ಪು ಎರಡನ್ನೂ ಒಬ್ಬರೇ ಮಾಡುತ್ತಿದ್ದರು. ನನಗಿಂತ ಹಿರಿಯರು, ಐವತ್ತರ ಹತ್ತಿರ. ರಂಗದ ಮೇಲೆ ಪಂಚೆ ಎತ್ತಿ ಕಟ್ಟಿ, ಎರಡು ಹೆಜ್ಜೆ ಬೀಸಾಗಿ ಹಾಕಿದರೆ ಇಪ್ಪತ್ತರ ಹುಡುಗ. ಯಾರೂ ಅನುಮಾನ ಪಡುತ್ತಿರಲಿಲ್ಲ. ಪರೀಕ್ಷೆಗೆ ಅಂತ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿ, ಮೊಬೈಲಿನಲ್ಲಿ ಹತ್ತಿರದಿಂದ ಒಂದು ಹಾಡು ತೆಗೆದೆ. ನೋಡಿ ಅವರೇ ನಕ್ಕರು. “ಮಾರಾಯಾ, ಇದು ಮದುವೆ ಗಂಡಿನ ಮುಖ ಅಲ್ಲ, ಹೆಣ್ಣಿನ ಅಪ್ಪನ ಮುಖ!” ಅಂದರು. “ಹಾಗಾದ್ರೆ ಅಣ್ಣ, ಅಪ್ಪನ ವಯಸ್ಸಿನ ಭಾಗ ನೀವೇ ಮಾಡಿ” ಅಂದೆ. ಆ ಜಗಳ ಅಷ್ಟು ಸುಲಭದಲ್ಲಿ ಮುಗಿಯಿತು.

ಯೌವನದ ಭಾಗಕ್ಕೆ ಒಬ್ಬ ಕಾಲೇಜು ಹುಡುಗನನ್ನು ತಂದೆವು. ಹಾಡು ಯಾರದ್ದು ಅನ್ನೋದು ಮುಂದಿನ ಪ್ರಶ್ನೆ. ಕುಣಿಯುವವನೊಬ್ಬ, ಹಾಡುವವನೊಬ್ಬ ಅಂದರೆ ಮಲೆನಾಡಿನವರಿಗೆ ಅದರಲ್ಲಿ ಮೋಸವೇನೂ ಕಾಣುವುದಿಲ್ಲ. ಯಕ್ಷಗಾನದಲ್ಲಿ ಪದ್ಯ ಭಾಗವತರದ್ದು, ಕುಣಿತ ಮತ್ತು ಮಾತು ವೇಷಧಾರಿಯದ್ದು. ಕಂಪನಿ ನಾಟಕದ ದಾರಿ ಬೇರೆ, ಅಲ್ಲಿ ನಟನೇ ಹಾಡಬೇಕು. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ಕ್ಕೆ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಥರದ ರಂಗಭೂಮಿಯವರೇ ಹೋದರು. ಆಗ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಹಾಡಲು ಬರುವವರೇ ನಟಿಸಬೇಕಿತ್ತು, ಅವರು ಸಿಗುತ್ತಿದ್ದುದು ನಾಟಕದಲ್ಲಿ.

ಸರಿ, ಭಾಗವತರ ದಾರಿ ಹಿಡಿಯೋಣ ಅಂತ ಹಿರಿಯರ ದನಿಯನ್ನೇ ಹುಡುಗನ ಮುಖಕ್ಕೆ ಕೂರಿಸಿ ನೋಡಿದೆವು. ತುಟಿ ಸರಿಯಾಗಿ ಕೂತಿತು, ದನಿ ಕೂರಲಿಲ್ಲ. ಗಂಟಲಿಗೂ ವಯಸ್ಸು ಅಂತ ಒಂದಿದೆ ಅಲ್ವಾ. ಕೊನೆಗೆ ಹುಡುಗನೇ ಹಾಡಿದ. ಹಾಡು ಕಲಿಸಿದ್ದು ಮಾತ್ರ ಹಿರಿಯರು. ಯಾವ ಶಬ್ದದ ಮುಂಚೆ ಉಸಿರು, ಎಲ್ಲಿ ತಾಳ ಸ್ವಲ್ಪ ಬಿಟ್ಟು ಆಮೇಲೆ ಹಿಡಿಯಬೇಕು ಅನ್ನೋದೆಲ್ಲ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಪ್ರದರ್ಶನದ ಮೇಲೆ ಪ್ರದರ್ಶನ ಆಡುತ್ತಾ ಅವರೇ ಕಂಡುಕೊಂಡಿದ್ದು. ಮೂಲ ನಟರನ್ನು ಪೂರ್ತಿ ಬಿಟ್ಟುಬಿಟ್ಟರೆ ಕಳೆದುಹೋಗೋದು ಇದೇ.

ಅಜ್ಜಿ ಪಾತ್ರದ ಅಕ್ಕನನ್ನು ಬದಲಿಸುವ ಯೋಚನೆಯೇ ನನಗೆ ಬರಲಿಲ್ಲ. ಅವರ ಹಾಡು ಅರ್ಧ ಮಾತು, ಅರ್ಧ ರಾಗ. ಒಂದು ದಿನದ ಹಾಗೆ ಇನ್ನೊಂದು ದಿನ ಇರೋದಿಲ್ಲ. ಮೊದಲೇ ಸ್ಟುಡಿಯೋದಲ್ಲಿ ಹಾಡಿಸಿ ತುಟಿ ಆಡಿಸಿ ಅಂದರೆ ಅವರು ಕಲ್ಲಾಗಿಬಿಡುತ್ತಿದ್ದರು. ‘ಮೈ ಫೇರ್ ಲೇಡಿ’ಯಲ್ಲಿ ನಾಟಕದಿಂದಲೇ ಬಂದ ರೆಕ್ಸ್ ಹ್ಯಾರಿಸನ್ ಅವರದ್ದೂ ಇದೇ ಕಥೆ. ಅವರ ಟೈನೊಳಗೆ ವೈರ್‌ಲೆಸ್ ಮೈಕ್ ಅಡಗಿಸಿ ಸೆಟ್ಟಿನಲ್ಲೇ ಹಾಡು ಹಿಡಿದರು. 2012ರ ‘ಲೆ ಮಿಸೆರಾಬ್ಲ್’ನಲ್ಲೂ ನಟರು ಕಿವಿಯಲ್ಲಿ ಪಿಯಾನೋ ಕೇಳುತ್ತಾ ಕ್ಯಾಮೆರಾ ಎದುರೇ ಹಾಡಿದ್ದರು. ನಾವು ಅಕ್ಕನ ಸೆರಗಿನೊಳಗೆ ಮೈಕ್ ಇಟ್ಟು, ಕೂದಲು ಮುಚ್ಚಿದ ಕಿವಿಗೆ ಇಯರ್‌ಫೋನ್ ಹಾಕಿದೆವು. ಹಾರ್ಮೋನಿಯಂ ಮೇಷ್ಟ್ರು ಪಕ್ಕದ ಅಡುಗೆಮನೆಯಲ್ಲಿ ಕೂತು ನುಡಿಸಿದರು. ತಾಳ ಅಕ್ಕನದ್ದು, ಮೇಷ್ಟ್ರು ಹಿಂದಿನಿಂದ ಬರಬೇಕು ಅನ್ನೋದು ಕರಾರು. ಮೇಷ್ಟ್ರಿಗೆ ಒಳಗೊಳಗೇ ಬೇಜಾರಿತ್ತು, ಇರಲಿ.

ಹೀಗೆ ಮಾಡೋರಿಗೆ ಒಂದು ಮಾತು. ತಾಳ ಪ್ರತಿ ಸಲ ಬೇರೆಯಾದರೆ ಒಂದು ಟೇಕಿನ ಚೂರಿಗೆ ಇನ್ನೊಂದರ ಚೂರು ಸೇರುವುದಿಲ್ಲ. ಅದಕ್ಕೇ ಅಂಥ ಹಾಡಿಗೆ ಎರಡು ಕ್ಯಾಮೆರಾ ಒಟ್ಟಿಗೆ ಓಡಬೇಕು. ಮಲೆನಾಡಿನಲ್ಲಾದರೆ ಹೊತ್ತನ್ನೂ ನೋಡಿಕೊಳ್ಳಬೇಕು. ಸಂಜೆಯಾದರೆ ಜೀರುಂಡೆ ಶುರು, ಮಳೆ ಬಂತೋ ತಗಡಿನ ಮಾಡು ಬೊಬ್ಬೆ ಹಾಕುತ್ತದೆ. ಎರಡನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಲು ಹೋದರೆ ದನಿಯೂ ಜೊತೆಗೇ ಸವೆಯುತ್ತದೆ.

ರಂಗದ ಅಭ್ಯಾಸ ಇಳಿಸೋದು ಕಷ್ಟ ಅಂತಾರಲ್ಲ, ಅದನ್ನು ಜಾಸ್ತಿ ದೊಡ್ಡದು ಮಾಡುತ್ತಾರೆ ಅಂತ ನನ್ನ ಅಭಿಪ್ರಾಯ. ಕೊನೆಯ ಸಾಲಿಗೆ ಕೇಳಿಸುವಂತೆ ಹಾಡಿ ಅಭ್ಯಾಸ ಆದವರಿಗೆ ಮೂರಡಿ ದೂರದವನಿಗೆ ಹಾಡಿ ಅಂದರೆ ಹಾಡುತ್ತಾರೆ. ಹುಬ್ಬು ಮಾತ್ರ ಸ್ವಲ್ಪ ದಿನ ಕುಣಿಯುತ್ತದೆ. ತೆಗೆದದ್ದನ್ನು ಅಲ್ಲೇ ತೋರಿಸಿದರೆ ಅದೂ ನಿಲ್ಲುತ್ತದೆ. ಮುಖದ ವಯಸ್ಸನ್ನು ಹಾಗೆ ಇಳಿಸೋಕೆ ಆಗೋದಿಲ್ಲ.

ಮೇಳದವರೆಲ್ಲ ಹಾಗೇ ಉಳಿದರು. ಧಾರಾವಾಹಿಯ ಮುಖ ಬರಲೇ ಇಲ್ಲ, ಅದಕ್ಕೆ ನನ್ನ ಹಟ ಕಾರಣ ಅಲ್ಲ, ಅವರು ಕೇಳಿದ ದುಡ್ಡು. ಟೈಟಲ್ ಮಾಡುವಾಗ ಒಂದು ವಿಷಯಕ್ಕೆ ಮಾತ್ರ ನಾನು ಜಗ್ಗಲಿಲ್ಲ. ಮಾರ್ನಿ ನಿಕ್ಸನ್ ಹೆಸರು ‘ಮೈ ಫೇರ್ ಲೇಡಿ’ ಸಿನಿಮಾದ ಟೈಟಲಿನಲ್ಲಿ ಇರಲೇ ಇಲ್ಲ. ನಮ್ಮದರಲ್ಲಿ ಹುಡುಗನ ಹೆಸರಿನ ಕೆಳಗೇ, ಅದೇ ಅಳತೆಯ ಅಕ್ಷರದಲ್ಲಿ, ‘ಹಾಡು ಕಲಿಸಿದವರು’ ಅಂತ ಹಿರಿಯರ ಹೆಸರು ಹಾಕಿದೆವು. ಅದಕ್ಕೆ ಪ್ರತ್ಯೇಕ ಸಂಭಾವನೆಯನ್ನೂ ಕೊಟ್ಟೆವು.